ಚಾರ್ಜ್ ಇದ್ದಷ್ಟು ಹೊತ್ತು ಮಾತು

1990ರ ದಶಕದ ವಾಕಿಟಾಕಿಯೊಂದು ಇವತ್ತಿಗೂ ಮಾತಾಡುತ್ತದೆ ಎಂದರೆ ಅದರಲ್ಲಿ ಅಚ್ಚರಿಯೇನಿಲ್ಲ. ಮೋಟೊರೋಲಾ ಕಂಪನಿಯ ಜಿಪಿ–300ರಂಥ ಸೆಟ್ಟುಗಳನ್ನು ಕಟ್ಟಿದ್ದೇ ಹಾಗೆ: ದಪ್ಪ ಪ್ಲಾಸ್ಟಿಕ್ಕಿನ ಮೈ, ಒಳಗೆ ಲೋಹದ ಚೌಕಟ್ಟು, ಪಕ್ಕದಲ್ಲಿ ಒತ್ತಿ ಮಾತಾಡುವ ಗುಂಡಿ. ಕಲ್ಲಿನ ಮೇಲೆ ಬಿದ್ದರೂ ಎತ್ತಿ, ಒರೆಸಿ, ಮತ್ತೆ ‘ಓವರ್’ ಅನ್ನಬಹುದು. ಸಾಯುವುದು ಸೆಟ್ಟಲ್ಲ, ಅದರ ಬೆನ್ನಿಗೆ ಕೂತ ಬ್ಯಾಟರಿ. ಸೆಟ್ಟು ಇಪ್ಪತ್ತು ವರ್ಷ ಬಾಳಿದರೆ ಅಷ್ಟರಲ್ಲಿ ಐದಾರು ಬ್ಯಾಟರಿಗಳಾದರೂ ಬದಲಾಗಿರುತ್ತವೆ. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದ ಮೇಲೆ ಅಸಲಿ ಬ್ಯಾಟರಿಯೂ ಸಿಗುವುದಿಲ್ಲ. ಆಗ ಬದಲಿ ಬ್ಯಾಟರಿ ಬರುತ್ತದೆ. ಹಳೆಯ ಚಾರ್ಜರಿಗೂ ಈ ಹೊಸ ಬ್ಯಾಟರಿಗೂ ಹೊಂದುತ್ತದೆಯೇ ಎಂಬ ತಕರಾರು ಶುರುವಾಗುವುದು ಅಲ್ಲಿಂದ.

ಗದಗ ಜಿಲ್ಲೆಯಲ್ಲಿ ಈ ತಕರಾರು ಬರಿಯ ತಾಂತ್ರಿಕ ಮಾತಲ್ಲ. ಗದಗಿನ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ, ಲಕ್ಷ್ಮೇಶ್ವರದ ದೂದಪೀರಾ ದರ್ಗಾದ ಉರುಸು, ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆ – ಎಲ್ಲಿ ಜನ ಸೇರುತ್ತಾರೋ ಅಲ್ಲಿ ಬಂದೋಬಸ್ತು, ಬಂದೋಬಸ್ತು ಇದ್ದಲ್ಲಿ ವೈರ್‌ಲೆಸ್. ತೇರು ಹೊರಡುವ ಹೊತ್ತಿಗೆ ಮೊಬೈಲ್ ಟವರು ಜನಸಂದಣಿಗೆ ಸೋತು ಕೈಚೆಲ್ಲುತ್ತದೆ. ವಾಕಿಟಾಕಿಗೆ ಆ ತೊಂದರೆ ಇಲ್ಲ. ಒಬ್ಬ ಒತ್ತಿ ಮಾತಾಡಿದ್ದನ್ನು ಐವತ್ತು ಜನ ಒಟ್ಟಿಗೇ ಕೇಳುತ್ತಾರೆ. ಆದರೆ ಬೆಳಿಗ್ಗೆ ಆರಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಂಡ ಸೆಟ್ಟು ಸಂಜೆ ತೇರಿನ ಹೊತ್ತಿಗೆ ಕುಂಯ್‌ಗುಟ್ಟಿ ಆರಿಹೋದರೆ ಆ ಗುಣವೆಲ್ಲ ಕಟ್ಟಿಕೊಂಡು ಏನು ಮಾಡುವುದು?

ಈ ಭಾಗದಲ್ಲಿ ದೂರದ ಮಾತಿನ ಇತಿಹಾಸ ಹುಡುಕುತ್ತ ಹೋದರೆ ಪ್ರತಿ ಸಲವೂ ಅದು ಇಲ್ಲಿಗೇ ಬಂದು ನಿಲ್ಲುತ್ತದೆ. ಯಂತ್ರ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಕಂಪನಿಯವರು ಹೇಳಬಹುದು. ಎಷ್ಟು ಹೊತ್ತು ಮುಟ್ಟುತ್ತದೆ ಎಂಬುದನ್ನು ನಿರ್ಧರಿಸಿದವರು ಚಾರ್ಜ್ ಮಾಡುವವರು.

ಕರೆಂಟು ಗದಗಿಗೆ ಕಂಬದ ಮೇಲೆ ಬರುವ ಮೊದಲು ಡಬ್ಬಿಯಲ್ಲಿ ಬಂತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿ, 1880ರ ದಶಕದ ನಡುವೆ ಹೊಟಗಿ, ಬಳ್ಳಾರಿ ಮತ್ತು ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ಹಳಿಗಳನ್ನು ಗದಗಿನಲ್ಲಿ ಕೂಡಿಸಿತು. ಹತ್ತಿಯ ಊರು ಜಂಕ್ಷನ್ನಾಯಿತು. ಹಳಿಯ ಜೊತೆ ತಂತಿಯೂ ಬಂತು. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿಗಳು ಓಡಬೇಕೆಂದರೆ ಒಂದು ಸ್ಟೇಷನ್ನು ಇನ್ನೊಂದನ್ನು ಕೇಳಿಯೇ ಗಾಡಿ ಬಿಡಬೇಕು. ಟೆಲಿಗ್ರಾಫಿಗೂ ಬ್ಲಾಕ್ ಯಂತ್ರಗಳಿಗೂ ಬೇಕಾದ ಕರೆಂಟು ಬರುತ್ತಿದ್ದದ್ದು ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಕಂಡುಹಿಡಿದ ಬಗೆಯ ಸೆಲ್ಲುಗಳಿಂದ: ಗಾಜಿನ ಭರಣಿ, ಸತುವಿನ ಸರಳು, ಇಂಗಾಲದ ಫಲಕ, ನಡುವೆ ನವಸಾಗರದ ನೀರು. ಇವನ್ನು ಚಾರ್ಜ್ ಮಾಡಲು ಬರುವುದಿಲ್ಲ. ಸತು ಸವೆದಂತೆ ಸರಳು ಬದಲಿಸಬೇಕು, ನೀರು ಆರಿದಂತೆ ನವಸಾಗರ ಕಲಸಿ ಹೊಯ್ಯಬೇಕು. ಭರಣಿಯ ಅಂಚಿಗೆ ಬಿಳಿ ಉಪ್ಪು ಏರದಂತೆ ಒರೆಸಿಡುವುದೂ ಒಂದು ಕೆಲಸವೇ.

ಮತ್ತೆ ಮತ್ತೆ ತುಂಬಿಸಿಕೊಳ್ಳುವ ಬ್ಯಾಟರಿ, ಎಂದರೆ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಸೀಸ–ಆಮ್ಲದ ಬ್ಯಾಟರಿ, ರೈಲಿನ ಹೊಟ್ಟೆಯಡಿ ಕೂತು ಊರೂರಿಗೆ ಬಂತು. 1890ರ ದಶಕದಲ್ಲಿ ಇಂಗ್ಲೆಂಡಿನ ಜೆ. ಸ್ಟೋನ್ ಕಂಪನಿ ಗಾಲಿಯ ಅಚ್ಚಿಗೆ ಪಟ್ಟಿ ಕಟ್ಟಿ ಡೈನಮೋ ತಿರುಗಿಸುವ ಉಪಾಯ ಹೂಡಿತು. ಗಾಡಿ ಓಡುವಾಗ ಬ್ಯಾಟರಿ ತುಂಬುತ್ತದೆ, ನಿಂತಾಗ ಅದೇ ಬ್ಯಾಟರಿ ದೀಪ ಉರಿಸುತ್ತದೆ. ಭಾರತದ ರೈಲ್ವೆಗಳು ಈ ಪದ್ಧತಿಯನ್ನು ಬಹುಕಾಲ ನೆಚ್ಚಿಕೊಂಡವು. ಚಿಮಣಿ ಬುಡ್ಡಿಯ ಊರುಗಳ ಜನ ಮೊದಲು ಕಂಡ ವಿದ್ಯುದ್ದೀಪ ಎಷ್ಟೋ ಸಲ ರೈಲು ಡಬ್ಬಿಯ ಮಂಕು ಬಲ್ಬೇ.

ಆದರೆ ಹಳಿ ಮುಟ್ಟಿದ್ದು ಗದಗವನ್ನು ಮಾತ್ರ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಮಾತೇ ಬೇರೆ. ಗದಗಿನಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದ್ದರೂ ರೈಲು ಇವುಗಳ ಬಳಿ ಬರಲಿಲ್ಲ. ಆಳ್ವಿಕೆಯೂ ಹರಿದು ಹಂಚಿಹೋಗಿತ್ತು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಹಿರಿಯ ಶಾಖೆಯ ಪಟವರ್ಧನರದು. ಎತ್ತಿನ ಗಾಡಿಯ ಒಂದು ದಿನದ ದಾರಿಯಲ್ಲಿ ಮೂರು ಸರಕಾರ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದ ಮೇಲೆ ಬ್ರಿಟಿಷ್ ಹದ್ದಿನಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಯಿತು. ಸಂಸ್ಥಾನದ ಹದ್ದು ದಾಟಿದರೆ ಬೇರೆ ದೊರೆ, ಬೇರೆ ಕಾನೂನು. ಆಕಾಶದಲ್ಲಿ ಬರುವ ಧ್ವನಿಗೆ ಮಾತ್ರ ಈ ಗಡಿಗಳ ಪರಿವೆಯೇ ಇರಲಿಲ್ಲ. 1948ರ ಮಾರ್ಚ್ 8ರಂದು ದಖ್ಖನ್ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದ ಮೇಲೆ ಈ ಗಂಟು ಬಿಚ್ಚಿತು.

ಗದಗಿನ ಪೇಟೆಗೆ ಯಂತ್ರದ ಹಾಡು ಬಂದದ್ದು ರೇಡಿಯೋಗಿಂತ ಮುಂಚೆ, ಗ್ರಾಮೊಫೋನಿನಲ್ಲಿ. ಗದಗಿನಲ್ಲಿ ಬೆಳೆದ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಗಾಯಕ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಆ ಅಂಗಡಿಯ ಯಂತ್ರಕ್ಕೆ ಕೀಲಿ ಕೊಟ್ಟರೆ ಸಾಕಿತ್ತು, ಸ್ಪ್ರಿಂಗು ಬಿಚ್ಚಿಕೊಳ್ಳುವವರೆಗೆ ತಟ್ಟೆ ತಿರುಗುತ್ತಿತ್ತು. ರೇಡಿಯೋಗೆ ಕೀಲಿ ಕೊಡಲು ಬರುವುದಿಲ್ಲ. ಅದು ಎರಡು ಬಗೆಯ ಹಸಿವಿನ ಪ್ರಾಣಿ. ವಾಲ್ವುಗಳ ತಂತಿ ಕೆಂಪಗಾಗಲು ಎರಡು ವೋಲ್ಟಿನ ಸೀಸದ ಬ್ಯಾಟರಿ ಬೇಕು. ಅವುಗಳಲ್ಲಿ ಕರೆಂಟು ಹರಿಯಲು ತೊಂಬತ್ತರಿಂದ ನೂರಿಪ್ಪತ್ತು ವೋಲ್ಟಿನ ಒಣ ಬ್ಯಾಟರಿಯ ದಿಂಡು ಬೇಕು. ಒಣ ದಿಂಡು ತಿಂಗಳುಗಟ್ಟಲೆ ಬಾಳುತ್ತಿತ್ತು, ತೀರಿದ ಮೇಲೆ ಎಸೆಯುವುದೇ. ಸೀಸದ ಬ್ಯಾಟರಿ ದಿನಕ್ಕೆ ಮೂರು–ನಾಲ್ಕು ತಾಸು ಕೇಳಿದರೆ ಎರಡು–ಮೂರು ವಾರಕ್ಕೆ ಇಳಿದುಹೋಗುತ್ತಿತ್ತು. ಆಗ ಅದನ್ನು ಹೊತ್ತುಕೊಂಡು ಚಾರ್ಜ್ ಮಾಡುವಲ್ಲಿಗೆ ನಡೆಯಬೇಕು.

ಆಮೇಲೆ ಬಂದ ವೈಬ್ರೇಟರ್ ಸೆಟ್ಟುಗಳು ಆ ದಿಂಡಿನ ಖರ್ಚು ತಪ್ಪಿಸಿದವು. ಮೋಟಾರಿನ ಆರು ವೋಲ್ಟಿನ ಒಂದೇ ಬ್ಯಾಟರಿ ಸಾಕು. ಒಳಗೆ ಗುಂಯ್ ಎನ್ನುವ ಪುಟ್ಟ ಯಂತ್ರ ಆ ಆರು ವೋಲ್ಟನ್ನು ಕತ್ತರಿಸಿ, ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, ನೂರು ದಾಟಿಸುತ್ತಿತ್ತು. ಕರೆಂಟಿಲ್ಲದ ಊರಿನ ಸ್ಥಿತಿವಂತರ ಪಡಸಾಲೆಗೂ ಪಂಚಾಯಿತಿ ಕಟ್ಟೆಗೂ ಇಂಥ ಸೆಟ್ಟೇ ಸರಿಹೋಗುತ್ತಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಶುರುವಾದಾಗ ಗದಗಿನ ಸೀಮೆಗೆ ಕನ್ನಡ ಮಾತು ಎಂಬತ್ತು ಕಿಲೋಮೀಟರಿನೊಳಗಿಂದ ಬರತೊಡಗಿತು. ಕೇಳುವ ಆಸೆ ಊರೂರಿಗೆ ಹರಡಿತು. ಲೈಸೆನ್ಸಿನ ಪುಸ್ತಕಕ್ಕೆ ಪೋಸ್ಟಾಫೀಸಿನಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರುವ ಪಾಳಿ 1980ರ ದಶಕದ ನಡುವಿನವರೆಗೂ ನಡೆಯಿತು. ಲೆಕ್ಕ ಹಾಕಿದರೆ ಕರೆಂಟಿಲ್ಲದ ಮನೆಗೆ ಆ ಹಣಕ್ಕಿಂತ ಬ್ಯಾಟರಿಯದೇ ಹೆಚ್ಚಿನ ಕಿರುಕುಳ.

ಬ್ಯಾಟರಿ ಚಾರ್ಜಿನ ಅಂಗಡಿ ಒಂದು ಕಸುಬಾಗಿ ನಿಂತದ್ದು ಈ ಕಾಲದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ, ಗ್ಯಾರೇಜಿನ ಪಕ್ಕ, ಮುಂದೆ ತಗಡಿನ ಚಪ್ಪರ. ಒಳಗೆ ಮರದ ಹಲಗೆಯ ಮೇಲೆ ಸಾಲಾಗಿ ಬ್ಯಾಟರಿಗಳು. ಒಂದರ ಕೂಡುಕೊನೆಯನ್ನು ಇನ್ನೊಂದರ ಕಳೆಕೊನೆಗೆ ಸೀಸದ ಕ್ಲಿಪ್ಪಿನಿಂದ ಜೋಡಿಸುತ್ತ ಹೋದರೆ ಹತ್ತು ಬ್ಯಾಟರಿಗಳಲ್ಲಿ ಒಂದೇ ಕರೆಂಟು ಹರಿಯುತ್ತದೆ. ಗೋಡೆಗೆ ತೂಗುಹಾಕಿದ ಪೆಟ್ಟಿಗೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1916ರ ಹೊತ್ತಿಗೆ ತಂದ ಟಂಗರ್ ಬಲ್ಬಿನ ಬಗೆಯ ರೆಕ್ಟಿಫೈಯರು, ಆಮೇಲಿನ ದಿನಗಳಲ್ಲಾದರೆ ಸೆಲೆನಿಯಂ ಫಲಕ, ಇನ್ನೂ ಈಚೆಗೆ ಸಿಲಿಕಾನ್ ಡಯೋಡು. ಕರೆಂಟು ಇನ್ನೂ ಬಾರದ ಕಡೆ ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಡೈನಮೋ ಕಟ್ಟಿ, ಜೋಳ ಬೀಸುತ್ತಲೇ ಬ್ಯಾಟರಿ ತುಂಬಿಸಿಕೊಡುವವರೂ ಇದ್ದರು.

ಈ ಕಸುಬಿನ ಕಣ್ಣೆಂದರೆ ಹೈಡ್ರೋಮೀಟರು. ರಬ್ಬರಿನ ಗುಂಡು ಒತ್ತಿ ಬ್ಯಾಟರಿಯ ಬಾಯಿಂದ ಆಮ್ಲ ಎಳೆದರೆ ಗಾಜಿನೊಳಗಿನ ತೇಲುಗೋಲು ಏರಿಯೋ ಇಳಿದೋ ನಿಲ್ಲುತ್ತದೆ. 1.250ರ ಸುತ್ತ ನಿಂತರೆ ತುಂಬಿದೆ, 1.150ಕ್ಕೆ ಇಳಿದರೆ ಖಾಲಿ. ಬಿಸಿಲ ಸೀಮೆಯ ಬ್ಯಾಟರಿಗೆ ಚಳಿ ದೇಶದವಕ್ಕಿಂತ ಆಮ್ಲವನ್ನು ತುಸು ತೆಳ್ಳಗೆ ಇಡುವುದು ಪದ್ಧತಿ, ಇಲ್ಲದಿದ್ದರೆ ಫಲಕಗಳು ಬೇಗ ತಿಂದುಹೋಗುತ್ತವೆ. ಆರು ಬಾಯಿಗಳಲ್ಲಿ ಐದು ಒಂದೇ ಲೆಕ್ಕ ತೋರಿಸಿ ಒಂದು ಮಾತ್ರ ಕೆಳಗೆ ಉಳಿದರೆ ಆ ಸೆಲ್ಲು ಸತ್ತಿದೆ. ಎಷ್ಟು ತುಂಬಿದರೂ ಹನ್ನೆರಡು ವೋಲ್ಟಿನ ಬ್ಯಾಟರಿ ಹತ್ತರ ಮೇಲೆ ಏಳುವುದಿಲ್ಲ. ಬ್ಯಾಟರಿಯ ಮಾಲಕ ಇದನ್ನು ಒಪ್ಪುವವನಲ್ಲ. ‘ನಿನ್ನೆ ಛಲೋ ಇತ್ತಲ್ರಿ’ ಎಂದು ಶುರುವಾಗುವ ವಾದಕ್ಕೆ ಅಂಗಡಿಯವನ ಬಳಿ ಇದ್ದ ಒಂದೇ ಸಾಕ್ಷಿ ಆ ಗಾಜಿನ ನಳಿಗೆ.

ತುಂಬಿದ ಬ್ಯಾಟರಿಗಳು ಬಸ್ಸಿನ ಟಾಪಿನ ಮೇಲೆ ಹಳ್ಳಿಗೆ ಹೋಗುತ್ತಿದ್ದವು. ಬದಿಯಲ್ಲಿದ್ದ ಜೋಳದ ಚೀಲಕ್ಕೆ ಆಮ್ಲ ತುಳುಕಿದರೆ ಗೋಣಿ ಪುಡಿಪುಡಿ. ಬ್ಯಾಟರಿ ಹೊರುವವನ ಪಂಚೆಯಲ್ಲಿ ತೂತು ಕಾಣುವುದು ಮಾಮೂಲು.

ಟ್ರಾನ್ಸಿಸ್ಟರ್ ಬಂದದ್ದೇ ಬಂದದ್ದು, ರೇಡಿಯೋದ ಮಟ್ಟಿಗೆ ಈ ಅಂಗಡಿಯ ನಂಟು ಕಡಿಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು, ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಜಾತಿಯ ಬಿಡಿಭಾಗಗಳನ್ನು ಮಾಡತೊಡಗಿತು. ಹಳತೂ ಹೊಸತೂ ಒಂದೇ ಕಾರ್ಖಾನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ್ದು ತಮಾಷೆಯೇ ಸರಿ. ಟಾರ್ಚಿನ ನಾಲ್ಕು ಸೆಲ್ಲು ಹಾಕಿದರೆ ತಿಂಗಳೊಪ್ಪತ್ತು ಹಾಡುವ ರೇಡಿಯೋ ಹೊಲಕ್ಕೂ ಬಂತು, ಚಕ್ಕಡಿಗೂ ಬಂತು. ಸೆಲ್ಲು ಇಳಿದರೆ ಬಿಸಿಲಿಗಿಟ್ಟು ಇನ್ನೊಂದು ದಿನ ಎಳೆಯುವುದು ಮನೆಮನೆಯ ವಿದ್ಯೆಯಾಯಿತು. ಬಿಸಿಲು ಸೆಲ್ಲನ್ನು ತುಂಬಿಸುವುದಿಲ್ಲ, ಒಳಗಿನ ರಸಾಯನವನ್ನು ತುಸು ಚುರುಕುಗೊಳಿಸುತ್ತದೆ ಅಷ್ಟೆ. ಆದರೂ ಅಂದಿನ ನಾಟಕ ಮುಗಿಯುವಷ್ಟು ಜೀವ ಸಿಗುತ್ತಿತ್ತಲ್ಲ!

ಚಾರ್ಜಿನ ಅಂಗಡಿ ಆದರೂ ಮುಚ್ಚಲಿಲ್ಲ. ಲಾರಿ, ಟ್ರ್ಯಾಕ್ಟರು, ಮೈಕ್ ಸೆಟ್ಟು ಅದನ್ನು ಉಳಿಸಿದವು. 1940ರಲ್ಲಿ ಶುರುವಾದ ಅಹೂಜಾ ಕಂಪನಿಯ ಆಂಪ್ಲಿಫೈಯರುಗಳು ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲೂ ಓಡುತ್ತಿದ್ದರಿಂದ ಕರೆಂಟಿಲ್ಲದ ಊರಿನ ಲಗ್ನ, ಭಜನೆ, ಬಯಲಾಟಗಳಿಗೂ ಕಹಳೆ ಸ್ಪೀಕರು ಹತ್ತಿತು. ಗಾಡಿಯಲ್ಲಿ ಬರುವ ಮೈಕಿನವ ಎರಡು ಬ್ಯಾಟರಿ ತರುವುದು ರೂಢಿ: ಒಂದು ಮುಗಿಯುವ ಹೊತ್ತಿಗೆ ಎರಡನೆಯ ಅಂಕ. 1987ರ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ, ಮರುವರ್ಷ ಅಕ್ಟೋಬರ್ 2ರಿಂದ ಮಹಾಭಾರತ ಶುರುವಾದಾಗ ಅಂಗಡಿಗಳಿಗೆ ಹೊಸ ಸುಗ್ಗಿ. ರವಿವಾರ ಬೆಳಿಗ್ಗೆ ಕರೆಂಟು ಹೋಗುವ ಅಂಜಿಕೆಗೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಕಪ್ಪು–ಬಿಳುಪಿನ ಸಣ್ಣ ಟಿ.ವಿ.ಗೆ ಕಟ್ಟುವುದು ನಾಡಿನ ತುಂಬ ನಡೆಯಿತು. ಸೋಮವಾರ ಆ ಟ್ರ್ಯಾಕ್ಟರನ್ನು ನಾಲ್ಕು ಮಂದಿ ನೂಕಿ ಶುರುಮಾಡಬೇಕಾಗುತ್ತಿತ್ತು ಎಂಬುದು ಬೇರೆ ಮಾತು.

ಇಷ್ಟೆಲ್ಲ ಆಗುವಾಗ ಬರಿಯ ಕೇಳುವ ಯಂತ್ರದಿಂದ ಮರುಮಾತಾಡುವ ಯಂತ್ರದ ಕಡೆಗೆ ಸರಕಾರಿ ಇಲಾಖೆಗಳು ಹೊರಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಿವಿಗೆ ಹಿಡಿದ ಎಸ್‌ಸಿಆರ್–536 ‘ಹ್ಯಾಂಡಿ ಟಾಕಿ’ ವಾಲ್ವಿನ ಯಂತ್ರ. ಅದರ ಒಣ ಬ್ಯಾಟರಿಗಳು ತೀರಿದರೆ ಎಸೆಯುವಂಥವು. ಯುದ್ಧ ಮುಗಿದ ಬೆನ್ನಿಗೆ, 1946ರಲ್ಲಿ, ಭಾರತದ ಪೊಲೀಸ್ ವೈರ್‌ಲೆಸ್ಸಿಗೆ ಕೇಂದ್ರದಲ್ಲಿ ಪ್ರತ್ಯೇಕ ವ್ಯವಸ್ಥೆ ಹುಟ್ಟಿತು. ಮೊದಲು ಮೋರ್ಸ್ ಸಂಕೇತ ಕುಟ್ಟುವ ಕೀಲಿ, ಆಮೇಲೆ ಮಾತಿನ ವಿಎಚ್‌ಎಫ್ ಸೆಟ್ಟು. ಠಾಣೆಯ ಮೇಜಿನ ಮೇಲಿನ ಇಪ್ಪತ್ತೈದು ವಾಟಿನ ಸೆಟ್ಟು ಸುಮ್ಮನೆ ಕೇಳುವಾಗ ಅರ್ಧ ಆಂಪಿಯರಿಗಿಂತ ಕಡಿಮೆ ತಿಂದರೆ, ಮಾತಾಡುವಾಗ ಐದಾರು ಆಂಪಿಯರು ಎಳೆಯುತ್ತದೆ. ಅದಕ್ಕೆ ಮೇಜಿನ ಕೆಳಗೆ ಸೀಸದ ಬ್ಯಾಟರಿ, ಬ್ಯಾಟರಿಗೆ ಯಾವಾಗಲೂ ಹತ್ತಿಕೊಂಡಿರುವ ಚಾರ್ಜರು. ಕರೆಂಟು ಹೋದರೂ ಸೆಟ್ಟಿಗೆ ಗೊತ್ತಾಗದು.

ಗದಗಿನ ಸೀಮೆಗೆ ವೈರ್‌ಲೆಸ್ ಎಂದರೆ ಕಪ್ಪತಗುಡ್ಡದ ಲೆಕ್ಕವನ್ನೂ ಹಾಕಬೇಕು. ಬಿಂಕದಕಟ್ಟಿಯ ಬದಿಯಿಂದ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನವರೆಗೆ ಚಾಚಿದ ಈ ಗುಡ್ಡಸಾಲು ಶಿರಹಟ್ಟಿ, ಮುಂಡರಗಿ, ಗದಗ ಮೂರೂ ತಾಲ್ಲೂಕುಗಳನ್ನು ಮುಟ್ಟುತ್ತದೆ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ನೇರದಲ್ಲಿ ಹೋಗುತ್ತದೆ. ಹಾಗಾಗಿ ಬಯಲಿನಲ್ಲಿ ನಿಂತವನಿಗೆ ಗುಡ್ಡ ಅಡ್ಡಿ, ಗುಡ್ಡದ ಮೇಲೆ ನಿಂತವನಿಗೆ ಅದೇ ಗುಡ್ಡ ಅನುಕೂಲ. ಎತ್ತರದಲ್ಲಿ ರಿಪೀಟರ್, ಎಂದರೆ ಒಂದು ಬದಿಯ ಮಾತು ಹಿಡಿದು ಇನ್ನೊಂದು ಬದಿಗೆ ಮತ್ತೆ ಬಿಡುವ ಯಂತ್ರ ಇಟ್ಟರೆ ಎರಡೂ ಬದಿಯವರು ಮಾತಾಡಬಹುದು, ಆದರೆ ಎತ್ತರದಲ್ಲಿ ಕರೆಂಟು ಕಷ್ಟ, ಮತ್ತೆ ಬ್ಯಾಟರಿಯ ಪುರಾಣ. 1990ರ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಇದೇ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ ನಿಲ್ಲಿಸಿತು. ತಲೆಯ ಮೇಲೆ ಕರೆಂಟು ಹುಟ್ಟುತ್ತಿದ್ದರೂ ಬುಡದ ಹಳ್ಳಿಗಳಿಗೆ ಲೋಡ್ ಶೆಡ್ಡಿಂಗ್ ತಪ್ಪಲಿಲ್ಲ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿದರೆ ಕಾವಲುಗಾರನ ಕೈಯಲ್ಲಿ ಮಾತಾಡುವ ಸೆಟ್ಟು ಇರಲೇಬೇಕಾದ ಜಾಗ ಅದು.

ಕೈಸೆಟ್ಟಿನ ಕಾಲವನ್ನು ತಂದದ್ದು ನಿಕ್ಕಲ್–ಕ್ಯಾಡ್ಮಿಯಂ ಬ್ಯಾಟರಿ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಅದನ್ನು 1899ರಲ್ಲೇ ಮಾಡಿದ್ದ. ಪೂರ್ತಿ ಮುಚ್ಚಿದ, ಯಾವ ದಿಕ್ಕಿಗೆ ಮಲಗಿಸಿದರೂ ಸೋರದ ಸೆಲ್ಲು ಬಳಕೆಗೆ ಬಂದದ್ದು 1947ರ ಈಚೆಗೆ. ಒಂದು ಸೆಲ್ಲು 1.2 ವೋಲ್ಟು. ಆರು ಸೆಲ್ಲು ಜೋಡಿಸಿದರೆ 7.2. ಮೋಟೊರೋಲಾ ಅದನ್ನೇ 7.5 ಎಂದು ಅಚ್ಚು ಹಾಕುತ್ತಿತ್ತು. ಕಂಪನಿಗಳು ಬ್ಯಾಟರಿಯ ಬಾಳಿಕೆ ಹೇಳುವಾಗ ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಕೇಳುವುದು, ತೊಂಬತ್ತು ಪಾಲು ಸುಮ್ಮನಿರುವುದು ಎಂದು ಲೆಕ್ಕ ಹಿಡಿಯುತ್ತವೆ. ಆ ಲೆಕ್ಕದಲ್ಲಿ 1200 ಮಿಲಿಆಂಪಿಯರ್–ತಾಸಿನ ಬ್ಯಾಟರಿ ಎಂಟು ತಾಸು ಬರುತ್ತದೆ. ಈ ಲೆಕ್ಕ ಮಾಡಿದವರು ಉತ್ತರ ಕರ್ನಾಟಕದ ತೇರು ನೋಡಿರಲಿಕ್ಕಿಲ್ಲ. ಹಗ್ಗ ಹಿಡಿದ ಜನ, ದಾರಿ ತಪ್ಪಿದ ಮಕ್ಕಳು, ಬ್ಯಾರಿಕೇಡು, ಪಾರ್ಕಿಂಗು – ಎಲ್ಲವೂ ಒಂದೇ ಚಾನೆಲ್ಲಿನಲ್ಲಿ ಹರಿಯುವ ದಿನ ತೊಂಬತ್ತು ಪಾಲು ಮೌನ ಎಲ್ಲಿಂದ ಬರಬೇಕು?

ನಿಕ್ಕಲ್–ಕ್ಯಾಡ್ಮಿಯಂ ಬ್ಯಾಟರಿಯ ನಿಧಾನದ ಚಾರ್ಜಿಗೆ ಒಂದು ಸರಳ ಸೂತ್ರವಿತ್ತು: ಅದರ ಸಾಮರ್ಥ್ಯದ ಹತ್ತನೆಯ ಒಂದು ಪಾಲು ಕರೆಂಟು, ಹದಿನಾಲ್ಕರಿಂದ ಹದಿನಾರು ತಾಸು. 1200ರದಕ್ಕೆ 120 ಮಿಲಿಆಂಪಿಯರು. ಹತ್ತು ತಾಸಿಗೆ ತುಂಬಬೇಕಾದ್ದು ಇಷ್ಟು ಹೊತ್ತು ಹಿಡಿಯುವುದೇಕೆಂದರೆ ಕೊಟ್ಟ ಕರೆಂಟಿನಲ್ಲಿ ಒಂದಷ್ಟು ಬಿಸಿಯಾಗಿ ಹಾಳಾಗುತ್ತದೆ. ವಾತಾವರಣವೇ ನಲವತ್ತು ಡಿಗ್ರಿ ಮುಟ್ಟಿದರೆ ಹಾಳಾಗುವ ಪಾಲು ಇನ್ನೂ ಹೆಚ್ಚು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಚಾರ್ಜಿಗಿಟ್ಟ ಬ್ಯಾಟರಿ ಹಸಿರು ದೀಪ ತೋರಿಸಿದರೂ ಅರ್ಧಹೊಟ್ಟೆಯಲ್ಲೇ ಇರುತ್ತದೆ. ರಾತ್ರಿಯ ತಂಪಿನಲ್ಲಿ ಇಟ್ಟದ್ದೇ ಚೆನ್ನಾಗಿ ತುಂಬುವುದು. ಆದರೆ ಲೋಡ್ ಶೆಡ್ಡಿಂಗಿನ ವರ್ಷಗಳಲ್ಲಿ ಹದಿನಾರು ತಾಸು ಬಿಡದೆ ಕರೆಂಟು ಸಿಗುವ ರಾತ್ರಿಗಾಗಿ ಕಾಯಬೇಕಿತ್ತು. ನಡುವೆ ಕರೆಂಟು ಹೋಗಿ ಬಂದರೆ ಕೆಲವು ಚಾರ್ಜರುಗಳ ಗಡಿಯಾರ ಮೊದಲಿನಿಂದ ಎಣಿಸತೊಡಗುತ್ತದೆ. ತುಂಬಿದ ಬ್ಯಾಟರಿಯನ್ನೇ ಮತ್ತೆ ತುಂಬಿಸಿ ಕಾಯಿಸುತ್ತದೆ. ಹಳ್ಳಿಗಳಿಗೆ ಮನೆಬಳಕೆಯ ಕರೆಂಟನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಬರುವವರೆಗೆ ಇದು ತಾಲ್ಲೂಕು ಕೇಂದ್ರದ ಆಚೆಗಿನ ನಿತ್ಯದ ಗೋಳು.

ಈ ಬ್ಯಾಟರಿಗೆ ‘ಮೆಮೊರಿ’ ಇದೆ ಎಂಬ ನಂಬಿಕೆ ಇನ್ನೊಂದು ಅವಾಂತರ ತಂದಿತು. ಅರ್ಧ ಬಳಸಿ ಚಾರ್ಜಿಗಿಟ್ಟರೆ ಅದು ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಪೂರ್ತಿ ಖಾಲಿ ಮಾಡಬೇಕು ಎಂಬುದು ಎಲ್ಲ ಕಡೆ ಹಬ್ಬಿದ ಪಾಠ. ಇದರ ಮೂಲ ಉಪಗ್ರಹಗಳಲ್ಲಿದೆ. ಅಲ್ಲಿ ಪ್ರತಿ ಸುತ್ತಿಗೂ ಗಡಿಯಾರ ಹಿಡಿದಂತೆ ಅಷ್ಟೇ ಕರೆಂಟು ಬಳಕೆ, ಅಷ್ಟೇ ತುಂಬಿಕೆ. ಠಾಣೆ, ಸ್ಟೇಷನ್ನುಗಳ ಬಳಕೆಗೆ ಅಂಥ ಕರಾರುವಾಕ್ಕು ಎಲ್ಲಿ ಬಂತು? ಇಲ್ಲಿನ ಬ್ಯಾಟರಿಗಳನ್ನು ಸೊರಗಿಸಿದ್ದು ಹೆಚ್ಚಾಗಿ ಅತಿ ಚಾರ್ಜು, ಸೆಟ್ಟನ್ನು ವಾರಗಟ್ಟಲೆ ಚಾರ್ಜರಿನಲ್ಲೇ ಕೂರಿಸಿಡುವುದು. ಮೆಮೊರಿ ತೆಗೆಯಲೆಂದು ಸೆಟ್ಟನ್ನು ರಾತ್ರಿಯಿಡೀ ಆನ್ ಮಾಡಿಟ್ಟು ಸಾಯಿಸಿದರೆ ಇನ್ನೊಂದು ಅಪಾಯ. ಆರು ಸೆಲ್ಲಿನಲ್ಲಿ ಸೊರಗಿದ ಒಂದು ಮೊದಲು ಖಾಲಿಯಾಗುತ್ತದೆ, ಉಳಿದ ಐದು ಅದರ ಮೂಲಕ ಕರೆಂಟು ನೂಕಿ ಅದನ್ನು ಉಲ್ಟಾ ಮಾಡುತ್ತವೆ. ಬಲ್ಲವರು ಸೆಲ್ಲಿಗೆ ಒಂದು ವೋಲ್ಟಿನಂತೆ, ಆರಕ್ಕೆ ಆರು ವೋಲ್ಟಿಗೆ ನಿಲ್ಲಿಸುತ್ತಿದ್ದರು. ಒಂದು ಮಲ್ಟಿಮೀಟರು, ಒಂದು ಕಾರಿನ ಬಲ್ಬು ಇದ್ದರೆ ಈ ಕೆಲಸ ಸಾಕು. ಬ್ಯಾಟರಿಯನ್ನು ತಾನೇ ಇಳಿಸಿ ಏರಿಸುವ ದುಬಾರಿ ಕಂಡೀಷನರ್ ಯಂತ್ರ ಕೊಂಡವರೂ ಅಂಥ ಹೆಚ್ಚಿನದೇನನ್ನೂ ಗಳಿಸಲಿಲ್ಲ.

ಗದಗ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೊಸ ಎಸ್‌ಪಿ ಕಚೇರಿ, ಹೊಸ ಕಂಟ್ರೋಲ್ ರೂಮು. ಅದೇ ದಶಕದಲ್ಲಿ ಹುಬ್ಬಳ್ಳಿ–ಹೊಸಪೇಟೆ ಹಳಿ ಬ್ರಾಡ್ ಗೇಜಾಯಿತು, ಬರಬರುತ್ತ ಗಾರ್ಡು, ಡ್ರೈವರುಗಳ ಕೈಗೂ ಐದು ವಾಟಿನ ವಾಕಿಟಾಕಿ ಬಂತು. ಒಂದು ಕಾಲಕ್ಕೆ ನವಸಾಗರದ ಭರಣಿ ನೋಡಿಕೊಂಡ ರೈಲ್ವೆಗೆ ಈಗ ಚಾರ್ಜರ್ ಸಾಲು ನೋಡಿಕೊಳ್ಳುವ ಕೆಲಸ. ಈ ಸೆಟ್ಟುಗಳ ಅಸಲಿ ಬ್ಯಾಟರಿಗಳು ಸಾಯತೊಡಗಿದ್ದು 2000ದ ಆಚೆಗೆ. ಅಷ್ಟರಲ್ಲಿ ಜಗತ್ತು ಮುಂದೆ ಹೋಗಿತ್ತು. 1989ರ ಹೊತ್ತಿಗೆ ನಿಕ್ಕಲ್–ಮೆಟಲ್ ಹೈಡ್ರೈಡ್ ಮಾರುಕಟ್ಟೆಗೆ ಬಂತು, 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ತಂದಿತು. ಬದಲಿ ಬ್ಯಾಟರಿ ಎಂದು ಸಿಗುತ್ತಿದ್ದುದರ ಮೇಲಿನ ಚೀಟಿ ಹಳೆಯ ಮಾದರಿಯದು, ಒಳಗಿನ ಸೆಲ್ಲು ಬೇರೆ ಜಾತಿಯದು.

ಎಡವಟ್ಟು ಹೇಗೆ ಆಗುತ್ತದೆಂದರೆ: ಹಳೆಯ ಸೆಟ್ಟಿನ ಜೊತೆ ಬಂದ ಚಾರ್ಜರು 600 ಮಿಲಿಆಂಪಿಯರ್–ತಾಸಿನ ಬ್ಯಾಟರಿಗಾಗಿ ಕಟ್ಟಿದ್ದು, ಕೊಡುವುದು 60 ಮಿಲಿಆಂಪಿಯರು. ಅದರಲ್ಲಿ 1500ರ ಹೊಸ ಬ್ಯಾಟರಿ ಇಟ್ಟರೆ ತುಂಬಲು ಮೂವತ್ತೈದು ತಾಸು ಬೇಕು. ರಾತ್ರಿ ಇಟ್ಟು ಬೆಳಿಗ್ಗೆ ತೆಗೆದವನಿಗೆ ಅರ್ಧವೂ ಸಿಗುವುದಿಲ್ಲ. ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವನ ಮೇಲೆ ಜಗಳ. ತಪ್ಪು ಬ್ಯಾಟರಿಯದಲ್ಲ, ಲೆಕ್ಕದ್ದು.

ಬೇಗ ತುಂಬುವ ಚಾರ್ಜರಿನದು ಇದರ ತಿರುಗುಮುರುಗು. ನಿಕ್ಕಲ್–ಕ್ಯಾಡ್ಮಿಯಂ ಪೂರ್ತಿ ತುಂಬಿದ ಕ್ಷಣದಲ್ಲಿ ಅದರ ವೋಲ್ಟೇಜು ತುಸು ಕೆಳಗಿಳಿಯುತ್ತದೆ, ಸೆಲ್ಲಿಗೆ ಹತ್ತಿಪ್ಪತ್ತು ಮಿಲಿವೋಲ್ಟು. ಚಾರ್ಜರು ಕಾಯುವುದು ಆ ಇಳಿತಕ್ಕೆ. ಮೆಟಲ್ ಹೈಡ್ರೈಡಿನಲ್ಲಿ ಆ ಇಳಿತ ಇನ್ನೂ ಸಣ್ಣದು, ಹಳೆಯ ಚಾರ್ಜರಿನ ಕಣ್ಣಿಗೆ ಬೀಳುವುದೇ ಇಲ್ಲ. ಅದು ಕರೆಂಟು ಕೊಡುತ್ತಲೇ ಹೋಗುತ್ತದೆ, ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಇಂಥ ಹೊತ್ತಿಗೆಂದೇ ಅಸಲಿ ಬ್ಯಾಟರಿಯೊಳಗೆ ಒಂದು ಥರ್ಮಿಸ್ಟರು, ಎಂದರೆ ಬಿಸಿ ಅಳೆಯುವ ಕಡಲೆಗಾತ್ರದ ಬಿಡಿಭಾಗ ಇರುತ್ತಿತ್ತು. ಹಳೆಯ ಡಬ್ಬಿ ಒಡೆದು ಹೊಸ ಸೆಲ್ಲು ತುಂಬಿಕೊಡುವವರಲ್ಲಿ ಎಲ್ಲರೂ ಅದನ್ನು ಮರಳಿ ಕೂರಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ಲಿಥಿಯಂ ಸೆಲ್ಲನ್ನಂತೂ ಹಳೆಯ ಚಾರ್ಜರಿನ ಹತ್ತಿರವೂ ಒಯ್ಯುವಂತಿಲ್ಲ. ಸೆಲ್ಲಿಗೆ 4.2 ವೋಲ್ಟಿಗೆ ಸರಿಯಾಗಿ ನಿಲ್ಲಿಸದಿದ್ದರೆ ಅದು ಹೊತ್ತಿಕೊಳ್ಳಬಹುದು.

ಡಬ್ಬಿ ಒಡೆದು ತುಂಬುವ ಕೆಲಸದಲ್ಲೂ ಕೈಗುಣವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಬಿಡಿ ಸೆಲ್ಲು ಸಿಗುತ್ತವೆ. ಅವುಗಳ ತುದಿಗೆ ನೇರವಾಗಿ ಬೆಸುಗೆ ಹಾಕಿದರೆ ಒಳಗಿನ ಮುಚ್ಚಳದ ರಬ್ಬರು ಸುಟ್ಟು ಸೆಲ್ಲು ಸೋರತೊಡಗುತ್ತದೆ. ನಿಕ್ಕಲ್ ಪಟ್ಟಿಯನ್ನು ಕ್ಷಣಾರ್ಧದ ಸ್ಪಾಟ್ ವೆಲ್ಡಿಂಗಿನಿಂದ ಅಂಟಿಸಬೇಕು. ಆರೂ ಸೆಲ್ಲು ಒಂದೇ ಸಾಮರ್ಥ್ಯದವಾಗಿರಬೇಕು, ಒಂದೇ ಸರಕಿನವಾದರೆ ಇನ್ನೂ ಒಳ್ಳೆಯದು. ಸತ್ತ ಒಂದೇ ಸೆಲ್ಲು ತೆಗೆದು ಹೊಸದೊಂದನ್ನು ಸೇರಿಸುವ ಉಳಿತಾಯ ಬಹಳ ದಿನ ಬಾಳುವುದಿಲ್ಲ. ಮೊದಲ ಸಲ ನಿಧಾನದ ಚಾರ್ಜರಿನಲ್ಲೇ ತುಂಬಿಸಿ, ಎರಡು–ಮೂರು ಸಲ ಇಳಿಸಿ ಏರಿಸಿದ ಮೇಲೆ ಬ್ಯಾಟರಿ ಹದಕ್ಕೆ ಬರುತ್ತದೆ. ಹೈಡ್ರೋಮೀಟರಿನ ಕಾಲದ ಅಂಗಡಿಯವನಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಅಳೆದು ನೋಡದೆ ಹಸಿರು ದೀಪ ನಂಬುವುದಷ್ಟೇ ಅವನಿಗೆ ವಿಚಿತ್ರವೆನಿಸೀತು.

ವಾಕಿಟಾಕಿ ಈಗ ಆನ್‌ಲೈನಿನಲ್ಲೂ ಸಿಗುತ್ತದೆ. 2018ರ ನಿಯಮದಂತೆ 446 ಮೆಗಾಹರ್ಟ್ಸ್ ಬಳಿ ಅರ್ಧ ವಾಟಿನವರೆಗಿನ ಸೆಟ್ಟಿಗೆ ಲೈಸೆನ್ಸ್ ಬೇಡ. ಲಗ್ನಮಂಟಪ, ಕಟ್ಟಡ ಕಟ್ಟುವ ಜಾಗಗಳಲ್ಲಿ ಅವೇ ಓಡಾಡುತ್ತವೆ. ಅದಕ್ಕಿಂತ ಶಕ್ತಿಯ ಸೆಟ್ಟುಗಳನ್ನು ಲೈಸೆನ್ಸಿನ ಸೊಲ್ಲೆತ್ತದೆ ಮಾರುತ್ತಿದ್ದಾರೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ವೇದಿಕೆಗಳಿಗೆ ನೋಟಿಸು ಕೊಟ್ಟಿತು. ಹೊಸ ಸೆಟ್ಟುಗಳಲ್ಲಿ ಹೆಚ್ಚಿನವು ಲಿಥಿಯಂ, ಚಾರ್ಜರು ಜೊತೆಗೇ ಬರುತ್ತದೆ, ಹೆಚ್ಚು ಯೋಚಿಸುವ ಪ್ರಮೇಯವಿಲ್ಲ.

ಉಳಿದಿರುವುದು ಹಳೆಯ ಬ್ಯಾಟರಿಗಳ ವಿಲೇವಾರಿ. ಸೀಸದ ಬ್ಯಾಟರಿ ಸತ್ತರೂ ತೂಕಕ್ಕೆ ಬೆಲೆಯಿದೆ. ಗುಜರಿಯವ ಮನೆಬಾಗಿಲಿಗೆ ಬಂದು ಒಯ್ಯುತ್ತಾನೆ, ಹೊಸದು ಕೊಳ್ಳುವಾಗ ಅಂಗಡಿಯವ ಹಳತಕ್ಕೆ ರೇಟು ಕಡಿಯುತ್ತಾನೆ. ನಿಕ್ಕಲ್–ಕ್ಯಾಡ್ಮಿಯಂ ಡಬ್ಬಿಯನ್ನು ಯಾರೂ ಕೇಳುವುದಿಲ್ಲ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಗಣಿಯ ನೀರಿನೊಂದಿಗೆ ಭತ್ತದ ಗದ್ದೆಗೆ ಹರಿದ ಕ್ಯಾಡ್ಮಿಯಂ ಜನರ ಮೂಳೆಯನ್ನೇ ಮುರಿಯುವ ಇತಾಯ್–ಇತಾಯ್ ರೋಗ ತಂದ ಮೇಲೆ ಈ ಲೋಹವನ್ನು ನೆಲಕ್ಕೆ ಬಿಸಾಡಬಾರದೆಂಬುದು ಜಗತ್ತಿಗೆ ಗೊತ್ತು. ಭಾರತದ 2001ರ ಬ್ಯಾಟರಿ ನಿಯಮ ಸೀಸದ್ದನ್ನಷ್ಟೇ ನೋಡಿತ್ತು. 2022ರ ಆಗಸ್ಟಿನ ಹೊಸ ನಿಯಮ ಎಲ್ಲ ಜಾತಿಯ ಬ್ಯಾಟರಿಗಳನ್ನೂ ಸೇರಿಸಿಕೊಂಡು, ಮಾಡಿದ ಕಂಪನಿಯೇ ಮರಳಿ ಪಡೆಯುವ ಹೊಣೆ ಹೊರಬೇಕೆಂದಿತು. ಮಾದರಿ ನಿಲ್ಲಿಸಿದ ಒಂದು ಕಂಪನಿಯ ಚೀಟಿ, ಇನ್ನೊಂದು ದೇಶದ ಸೆಲ್ಲು, ಮತ್ತೊಂದು ಊರಿನ ಬೆಸುಗೆ ಇರುವ ಡಬ್ಬಿಗೆ ಮಾಡಿದವರು ಯಾರೆಂದು ಬರೆಯಬೇಕೋ, ಆ ಕಾಲಂ ತುಂಬುವುದು ಕಚೇರಿಯ ಗುಮಾಸ್ತನಿಗೆ ಬಿಟ್ಟದ್ದು.